ಐದು ಕಸಿಯಲ್ಲಿ ಎರಡು

ಕೊಳೆರೋಗಕ್ಕೆ ಎಣಿಸಲು ಬರುವುದಿಲ್ಲ. ಮನುಷ್ಯರಿಗೆ ಬರುತ್ತದೆ.

ಟ್ರೇಯಲ್ಲಿ ಕಟ್ಟಿದ ಕ್ರಮದಲ್ಲೇ ಐದೈದು ಕುಂಡಗಳ ಸಾಲು ಇಟ್ಟಿದ್ದೆವು. ಮೊದಲ ಸಾಲಿನಲ್ಲಿ ಮೊದಲ ಎರಡು ಕುಂಡಗಳ ಕಸಿ ಕಪ್ಪಾಗಿತ್ತು, ಉಳಿದ ಮೂರು ಹಸಿರು. ಎರಡನೆಯ ಸಾಲೂ ಹಾಗೇ. ಮೂರನೆಯದೂ ಹಾಗೇ. ಯಾವ ರೋಗವೂ ಹೀಗೆ ಹಾಜರಿ ಕರೆದುಕೊಂಡು ಬರುವುದಿಲ್ಲ. ಇದು ಯಾರದೋ ಕೈಯ ಕೆಲಸ ಎಂದು ನಾನು ಅಂದೇ ತೀರ್ಮಾನಿಸಿದೆ. ಯಾರ ಕೈ ಎಂಬುದನ್ನೂ ತೀರ್ಮಾನಿಸಿದೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಯ ನರ್ಸರಿಯಲ್ಲಿ ನಾನು ಕಸಿ ಮಾಡುತ್ತೇನೆ. ಹವಳಗಳ್ಳಿ ಎಂದು ನಾವು ಮಾರುವುದು ಒಂದು ಗಿಡವಲ್ಲ, ಎರಡು. ಕೆಳಗೆ ಹೊಲದ ಬೇಲಿಯಲ್ಲಿ ಬೆಳೆಯುವ ಎಲೆಗಳ್ಳಿ. ಮೇಲೆ ಬೀಸಣಿಕೆಯಂತೆ ಸುಕ್ಕುಸುಕ್ಕಾಗಿ ಹರಡುವ ಇನ್ನೊಂದು ಕಳ್ಳಿ, ಅಂಚಿನಲ್ಲಿ ಗುಲಾಬಿ ಬಣ್ಣ. ಎಲೆಗಳ್ಳಿಯ ಕಾಂಡವನ್ನು ಒಂದು ಗೇಣಿಗೆ ಕತ್ತರಿಸಿ ತಲೆಗೆ ಸೀಳು ಹಾಕಬೇಕು. ಬೀಸಣಿಕೆಯ ಬುಡವನ್ನು ಬೆಣೆಯಂತೆ ಕೆತ್ತಬೇಕು. ಕೊಯ್ದ ಕೂಡಲೇ ಎರಡರಿಂದಲೂ ಬಿಳಿ ಹಾಲು ಸುರಿಯುತ್ತದೆ. ಹಾಲು ನಿಲ್ಲುವ ತನಕ ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒತ್ತಬೇಕು. ಆಮೇಲೆ ಬೆಣೆಯನ್ನು ಸೀಳಿನಲ್ಲಿ ಕೂರಿಸಿ, ಅಲುಗದಂತೆ ಕಟ್ಟಿ, ಮೇಣ ಸವರಿ ನೆರಳಿಗೆ ಇಡಬೇಕು. ಕಸಿಯ ಮೇಲೆ ಹದಿನೈದು ದಿನ ನೀರು ಬೀಳಬಾರದು.

ಆ ಹಾಲು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಕಣ್ಣಿಗೆ ಹೋದರೆ ಕಣ್ಣೇ ಹೋಗಬಹುದು. ಗ್ಲೌಸ್ ನಾನು ಹಾಕುತ್ತಿದ್ದೆ. ಕನ್ನಡಕ ಬೆವರಿಗೆ ಮಬ್ಬಾಗುತ್ತದೆ ಎಂದು ಗೂಟಕ್ಕೆ ನೇತುಹಾಕಿದ್ದೆ. ಅದು ಅಲ್ಲೇ ಇರುತ್ತಿತ್ತು.

ಯುಗಾದಿ ಮುಗಿದ ವಾರ ಬಾದಾಮಿಯ ಒಂದು ಹೊಸ ಹೋಟೆಲಿನವರು ಮುನ್ನೂರು ಹವಳಗಳ್ಳಿ ಕೇಳಿದರು. ಅಲ್ಲಿಯ ತನಕ ನಾನು ದಿನಕ್ಕೆ ನಾಲ್ಕೋ ಐದೋ ಮಾಡುತ್ತಿದ್ದೆ, ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತಿದ್ದೆ. ಮುನ್ನೂರು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಮಾಲಕರು ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ಇಳಕಲ್ಲಿನಿಂದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ನಲವತ್ತರ ಆಸುಪಾಸು. ಮಗ್ಗದಲ್ಲಿ ಹಳೆ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಹೊಸೆದು ಕೂಡಿಸುವುದು ಆಕೆಯ ಕೆಲಸವಾಗಿತ್ತು. ಕೈಮಗ್ಗಗಳು ಕಡಿಮೆಯಾದ ಮೇಲೆ ಕರೆಯುವವರೂ ಕಡಿಮೆಯಾಗಿದ್ದರು.

"ನೀ ಕೊಯ್ಯಿ, ಈಕಿ ಕಟ್ತಾಳ," ಅಂದರು ಮಾಲಕರು. "ಸಾವಿರಾರು ಎಳಿ ಕೂಡಿಸಿದ ಕೈ ಅದು."

ಆಕೆ ನನ್ನ ರಬ್ಬರ್ ಬ್ಯಾಂಡು ಎತ್ತಿ ನೋಡಿದಳು.

"ಇದೇನ್ ತಮ್ಮಾ, ಎಮ್ಮಿ ಕಟ್ಟತಿಯೋ, ಗಿಡಾ ಕಟ್ಟತಿಯೋ?"

ಮರುದಿನ ಸೀರೆಗೆ ಹಾಕಿ ಉಳಿದ ರೇಷ್ಮೆ ಎಳೆಯ ಉಂಡೆ ತಂದಳು. ಎಂಟು ಸುತ್ತು, ಒಂದು ಗಂಟು. ಗಂಟು ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಕಟ್ಟುತ್ತಿದ್ದಳು. ಕಟ್ಟುವ ಮೊದಲು ಸೆರಗಿನ ಗಂಟಿನಿಂದ ಒಲೆಯ ಬೂದಿ ತೆಗೆದು ಬೆರಳ ತುದಿಗೆ ಹಚ್ಚಿಕೊಳ್ಳುತ್ತಿದ್ದಳು. ಅದನ್ನು ನಾನು ಮೊದಲ ದಿನವೇ ನೋಡಿಟ್ಟುಕೊಂಡೆ.

ನನಗೆ ಯಾರನ್ನೂ ತಟ್ಟನೆ ನಂಬುವ ಅಭ್ಯಾಸವಿಲ್ಲ. ನರ್ಸರಿಗೆ ಬರುವ ಮೊದಲು ಇಳಕಲ್ಲಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿದ್ದೆ. ಅಲ್ಲಿ ನಟ್ಟು ಬಿಗಿಯುವ ನನ್ನ ಪಾನಾ ಎರಡು ಸಲ ಕಳುವಾಗಿತ್ತು. ಅಂದಿನಿಂದ ನನ್ನ ಹತ್ಯಾರ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಕೀಲಿ ಉಡದಾರಕ್ಕೆ. ಚಾಕು ಒಳಗೆ, ಚಾಕು ಒರೆಸುವ ಅರಿವೆಯೂ ಒಳಗೆ. ಕಳ್ಳಿಯ ಹಾಲು ಅಲಗಿಗೆ ಅಂಟಿನಂತೆ ಹಿಡಿಯುತ್ತದೆ. ಐದು ಗಿಡಕ್ಕೊಮ್ಮೆ ಪೆಟ್ಟಿಗೆ ತೆರೆದು ಚಾಕು ಒರೆಸಿ, ಮತ್ತೆ ಮುಚ್ಚಿ ಅದರ ಮೇಲೆಯೇ ಕುಳಿತು ಕೊಯ್ಯುತ್ತಿದ್ದೆ.

ಮೊದಲ ಅರವತ್ತು ಕಸಿ ಕಟ್ಟಿದ ಎಂಟನೆಯ ದಿನಕ್ಕೆ ಕಪ್ಪು ಕಾಣಿಸಿತು. ಐದರಲ್ಲಿ ಎರಡು. ಎಲ್ಲ ಸಾಲಿನಲ್ಲೂ ಮೊದಲಿನ ಎರಡು. ಎಲ್ಲವನ್ನೂ ಕೆಡಿಸಿದರೆ ಸಿಕ್ಕಿಬೀಳುತ್ತಾರೆ. ಎರಡನ್ನು ಕೆಡಿಸಿದರೆ ರೋಗ ಅನ್ನಬಹುದು. ಯಾರೋ ಕಲಿಸಿ ಕಳಿಸಿದ್ದಾರೆ ಎಂದುಕೊಂಡೆ.

"ಬೂದಿ ಯಾಕ ಹಚ್ಚಕೋತಿ?" ಎಂದು ಕೇಳಿದೆ.

"ಎಳಿ ಜಾರತೈತಿ. ಇಪ್ಪತ್ತು ವರ್ಷದ ಚಾಳಿ ತಮ್ಮಾ."

"ನಿನ್ನ ಚಾಳಿಗೆ ಗಿಡಾ ಸಾಯಾಕತ್ತಾವು."

"ಹಂಗಂದ್ರ ಐದೂ ಸಾಯಬೇಕಾಗಿತ್ತಲ್ಲ? ಎರಡಕ್ಕಷ್ಟ ಬೂದಿ ಹಚ್ಚೀನೇನು?"

ಇಷ್ಟು ಚುರುಕಾಗಿ ಉತ್ತರ ಕೊಡುವವರು ಮೊದಲೇ ಉತ್ತರ ತಯಾರು ಮಾಡಿಕೊಂಡು ಬಂದಿರುತ್ತಾರೆ, ಅಷ್ಟೇ. ಮಾಲಕರು ಬೂದಿ ಬಿಡಿಸಿದರು. ಆಕೆ ಸೆರಗಿನ ಗಂಟು ಬಿಚ್ಚಿ ಬೂದಿಯನ್ನು ನಮ್ಮೆದುರಿಗೇ ತಿಪ್ಪೆಗೆ ಹಾಕಿದಳು. ಗ್ಲೌಸ್ ಹಾಕಿಕೊಂಡು ಕಟ್ಟಿದಳು. ಎರಡನೆಯ ಅರವತ್ತೂ ಹಾಗೇ ಹೋಯಿತು. ಐದರಲ್ಲಿ ಎರಡು.

"ಕೈ ಗುಣಾ ಇರತೈತೇನೋ," ಅಂದರು ಮಾಲಕರು, ಆಕೆಗೆ ಕೇಳುವ ಹಾಗೆ.

ಆಕೆ ಎಳೆ ಕೆಳಗಿಟ್ಟಳು. "ಬಿಡಸೂದಿದ್ರ ಬಿಡಸ್ರಿ. ಕೈ ಕೆಟ್ಟದು ಅನಬ್ಯಾಡ್ರಿ. ಇಳಕಲ್ಲಾಗ ನನ್ನ ಕೈಗೆ ಯಾರೂ ಹೆಸರಿಟ್ಟಿಲ್ಲ. ಈ ಮಾತು ಅಲ್ಲಿ ಮುಟ್ಟಿತಂದ್ರ ಉಳಿದ ನಾಕು ಮಗ್ಗದವರೂ ಕರಿಯೂದಿಲ್ಲ."

ಹುಣ್ಣಿಮೆಗೆ ಆಕೆ ರಜೆ ಕೇಳಿದಳು. ಬನಶಂಕರಿಗೆ ಹೋಗಬೇಕು, ನೇಕಾರರ ಮನೆದೇವರು, ತಪ್ಪಿಸುವ ಹಾಗಿಲ್ಲ ಅಂದಳು. ಅದೇ ದಿನ ನಾನು ನಾಲ್ಕು ಮಾದರಿ ಕುಂಡ ಹಿಡಿದು ಬಾದಾಮಿಯ ಹೋಟೆಲಿಗೆ ಹೋಗಬೇಕಾಗಿತ್ತು. ಕುಂಡ ಕೊಟ್ಟು ಮುಗಿಸಿ ಚೊಳಚಗುಡ್ಡಕ್ಕೆ ಒಂದು ಟಂಟಂ ಆಟೊ ಹತ್ತಿದೆ. ಬನಶಂಕರಿ ದೇವಸ್ಥಾನದ ಬದಿಗೇ ಇರುವ ಆ ಊರಿನಲ್ಲಿ ಇನ್ನೊಂದು ನರ್ಸರಿ ಇದೆ. ಹೋಟೆಲಿನ ಈ ಕೆಲಸ ಮೊದಲು ಕೇಳಿದ್ದು ಅವರೇ. ಸಿಕ್ಕಿದ್ದು ನಮಗೆ. ಹೀಗೇ ಒಂದು ಕಣ್ಣು ಹಾಕಿ ಬರೋಣ ಎಂದು ಹೋದೆ.

ಆಕೆ ಆ ನರ್ಸರಿಯ ಗೇಟಿನೊಳಗೆ ನಿಂತಿದ್ದಳು. ಕೈಯಲ್ಲಿ ತೆಂಗಿನಕಾಯಿಯ ಹೋಳು. ಅಲ್ಲಿನ ಕಸಿಯವನೊಬ್ಬ ಕೈ ಆಡಿಸಿ ಏನೋ ಹೇಳುತ್ತಿದ್ದ, ಈಕೆ ತಲೆದೂಗುತ್ತಿದ್ದಳು. ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತು ನೋಡಿದೆ. ಇನ್ನೇನು ಬೇಕು?

ಮರುದಿನ ಆಕೆ ಬಂದವಳೇ ಎಳೆಯ ಉಂಡೆ ಮುಟ್ಟುವ ಮೊದಲು ನನ್ನ ಮುಂದೆ ನಿಂತಳು.

"ತಮ್ಮಾ, ನಿನ್ನ ಚಾಕು ಒಮ್ಮಿ ತೋರಸು."

"ಯಾಕ?"

"ನೋಡಬೇಕಾಗೈತಿ."

"ನಿನ್ನ ಎಳಿ ನಾ ಕೇಳೀನೇನು? ನಿನ್ನ ಕೆಲಸಾ ನೀ ಮಾಡು."

ನಾನು ಪೆಟ್ಟಿಗೆಯ ಮೇಲೆ ಇನ್ನೂ ಗಟ್ಟಿಯಾಗಿ ಕುಳಿತೆ. ಈಗ ಚಾಕುವಿಗೇ ಕೈ ಹಾಕಲು ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಮಾಲಕರಿಗೆ ಗೇಟಿನ ಸುದ್ದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದು ಸಲ ನೋಡೂಣು. ಕೈಯಾಗ ಪುರಾವೆ ಇಲ್ದಾಗ ಹೆಂಗಸರ ಮ್ಯಾಲ ಮಾತು ಹೊರಸಬಾರದು," ಅಂದರು.

ಪುರಾವೆ ನಾನು ತರುತ್ತೇನೆ ಅಂದೆ.

ಮೂರನೆಯ ಕಂತು ಕಟ್ಟಿ ನಾಲ್ಕು ದಿನವಾಗಿತ್ತು. ಆಕೆ ಊಟಕ್ಕೆ ಬೇವಿನ ಮರದಡಿಗೆ ಹೋದಾಗ ನಾನು ಒಂದು ಸಾಲಿನ ಮೊದಲ ಕುಂಡ ಎತ್ತಿಕೊಂಡೆ. ಸಾಲಿನ ಮೊದಲ ಎರಡನ್ನು ಬೇಕೆಂದೇ ಸಡಿಲ ಕಟ್ಟುತ್ತಾಳೆ ಎಂಬುದು ನನ್ನ ಲೆಕ್ಕ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಮೇಣ ಕೆರೆದೆ. ಗಂಟು ಸಿಗಲಿಲ್ಲ. ಸಡಿಲವೂ ಇರಲಿಲ್ಲ, ಅದನ್ನು ಆಗಲೇ ಒಪ್ಪಿಕೊಳ್ಳಬೇಕಾಗಿತ್ತು. ಮುಖ ಹತ್ತಿರ ತಂದು ಎಳೆಯ ಕೆಳಗೆ ಚಾಕುವಿನ ತುದಿ ತೂರಿಸಿ ಮೇಲೆತ್ತಿದೆ. ಎಳೆ ಟಕ್ಕನೆ ಹರಿಯಿತು. ಒತ್ತಡದಲ್ಲಿದ್ದ ಬೀಸಣಿಕೆ ಹಾರಿತು, ಚಾಕು ಜಾರಿ ಕಾಂಡಕ್ಕೆ ಬಿತ್ತು, ಹಾಲು ನನ್ನ ಬಲಗಣ್ಣಿಗೆ ಸಿಡಿಯಿತು. ಕನ್ನಡಕ ಗೂಟದ ಮೇಲಿತ್ತು.

ಕೆಂಡ ಇಟ್ಟಂತೆ ಉರಿ. ಕೂಗಿದೆ. ಆಕೆ ಓಡಿ ಬಂದಳು. ಬಂದವಳು ಹಾಲು ಸುರಿಯುತ್ತಿದ್ದ ಕುಂಡವನ್ನು ನನ್ನ ಕೈಯಿಂದ ಕಿತ್ತು ಆಚೆಗಿಟ್ಟಳು. ಆಮೇಲೆ ನನ್ನನ್ನು ಬಿಟ್ಟು ನಲ್ಲಿಯ ಹತ್ತಿರ ನಿಂತು ಸಾಬೂನು ಹಚ್ಚಿ ಕೈ ತೊಳೆಯತೊಡಗಿದಳು. ಒಂದು ಕಣ್ಣಿನಲ್ಲಿ ನನಗೆ ಅದು ಕಾಣುತ್ತಿತ್ತು.

"ಏನ್ ಕೈ ತೊಳಕೋತ ನಿಂತೀಬೇ! ಬೇಕಂತ ಮಾಡಾಕತ್ತಿ!"

"ಹಾಲಗೈಲೆ ನಿನ್ನ ಕಣ್ಣ ಮುಟ್ಟಲೇನು? ಬಾ ಇಲ್ಲೆ. ಬಾಯಿ ಮುಚಗೊಂಡು ಬಾ."

ತಲೆ ಹಿಡಿದು ಪೈಪಿನ ಕೆಳಗೆ ಬಗ್ಗಿಸಿದಳು. ನಾನು ರೆಪ್ಪೆ ಬಿಗಿದುಕೊಂಡಿದ್ದೆ. ಎರಡು ಬೆರಳಿನಿಂದ ಅದನ್ನು ಬಿಡಿಸಿ ಹಿಡಿದು ನೀರು ಬಿಟ್ಟಳು. ಕೊಸರಾಡಿದೆ, ಕೈಗೆ ಹೊಡೆದೆ. ಬಿಡಲಿಲ್ಲ. ಮಾಲಕರು ಹರಳೆಣ್ಣೆಯ ಬಾಟ್ಲಿ ಹಿಡಿದು ಬಂದರು.

"ಎರಡು ಹನಿ ಹಾಕೂಣು, ತಂಪಾಗತೈತಿ."

"ಏನೂ ಹಾಕಬ್ಯಾಡ್ರಿ. ನೀರಷ್ಟ. ಗಾಡಿ ತಗೀರಿ, ದವಾಖಾನಿಗೆ ಹೋಗಬೇಕು."

"ನಿನಗ ಹೆಂಗ ಗೊತ್ತು?"

"ಮೊದಲನೇ ದಿನ ನೀವ ಹೇಳೀರಲ್ರಿ. ನಿಮಗ ಮರತೈತಿ."

ಗಾಡಿ ಹತ್ತುವ ಮೊದಲು ತಡಕಾಡಿ ಚಾಕುವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುವುದನ್ನು ಮಾತ್ರ ನಾನು ಮರೆಯಲಿಲ್ಲ. ಬಾಗಲಕೋಟೆಯ ಕಣ್ಣಿನ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟೊತ್ತು ತೊಳದ್ರಿ?"

"ಅರ್ಧ ತಾಸು," ಅಂದರು ಮಾಲಕರು.

"ಅದಕ್ಕ ಕಣ್ಣು ಉಳದೈತಿ. ಧೂಳು, ಬಿಸಲು ಏನೂ ನಡೆಯೂದಿಲ್ಲ ಇನ್ನ. ಎರಡು ದಿನಕ್ಕೊಮ್ಮಿ ಬಂದು ತೋರಸಬೇಕು."

ಹದಿನೆಂಟು ದಿನ ಬಾಗಲಕೋಟೆಯಲ್ಲಿ ಅತ್ತೆಯ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತೆ. ಕಣ್ಣಿಗೆ ಪಟ್ಟಿ. ಮಾಡಲು ಕೆಲಸವಿಲ್ಲದಿದ್ದರೆ ಅನುಮಾನಕ್ಕೆ ಪುರಸೊತ್ತು ಸಿಗುತ್ತದೆ. ಎರಡು ದಿನಕ್ಕೊಮ್ಮೆ ಕರೆಯುತ್ತಾರಲ್ಲ, ಡಾಕ್ಟರಮ್ಮನಿಗೆ ಇದರಲ್ಲಿ ಏನು ಲಾಭ ಎಂದು ಅನುಮಾನ ಬಂತು. ನರ್ಸರಿಯಲ್ಲಿ ಆಕೆ ನನ್ನ ಕಣ್ಣು ತೊಳೆದದ್ದೂ ಒಳ್ಳೆಯದಾಗಿ ಕಾಣಲಿಲ್ಲ. ಸಿಕ್ಕಿಬೀಳುವ ಹೊತ್ತಿಗೆ ಉಪಕಾರ ಮಾಡಿ ಬಾಯಿ ಕಟ್ಟಿದಳು ಎಂದುಕೊಂಡೆ. ಮಾಲಕರು ಫೋನ್ ಮಾಡಿದರು.

"ಕೊಳತಿದ್ದಕ್ಕ ಬದಲಿ ಕಟ್ಟಬೇಕು. ಸದ್ಯಕ್ಕ ಅರವತ್ತು. ಚಾಕು ನಿನ್ನ ಪೆಟಗ್ಯಾಗೈತಿ. ಬೀಗಾ ಒಡೀಲೇನು?"

"ಒಡೀಬ್ಯಾಡ್ರಿ! ಬ್ಯಾರೆ ಚಾಕು ತಗೋರಿ."

ಹೀಗಾಗಿ ಆಕೆ ಹೊಸ ಬ್ಲೇಡು ತಂದು, ಮಾಲಕರು ಕೊಂಡಿಟ್ಟಿದ್ದ ಸ್ಪಿರಿಟ್ಟಿನಲ್ಲಿ ಒರೆಸಿ, ತಾನೇ ಕೊಯ್ದು ತಾನೇ ಕಟ್ಟಿದಳು.

ತಿರುಗಿ ಬಂದ ದಿನ ನಾನು ಮೊದಲು ಹೋದದ್ದು ಆ ಟ್ರೇಗಳ ಹತ್ತಿರ. ಹನ್ನೆರಡು ಸಾಲು. ಅರವತ್ತರಲ್ಲಿ ಒಂದೇ ಒಂದು ಬಾಡಿತ್ತು, ಅದೂ ಸಾಲಿನ ನಡುವಿನದು. ಕೊಯ್ತ ಅಂಕುಡೊಂಕು, ಹೊಸ ಕೈಯ ಕೊಯ್ತ. ಆದರೂ ಹಿಡಿದಿದ್ದವು. ನನ್ನ ಮೂರನೆಯ ಕಂತು ಪಕ್ಕದಲ್ಲೇ ಇತ್ತು. ಅದರಲ್ಲಿ ಐದರಲ್ಲಿ ಎರಡು ಕಪ್ಪು.

ಮಾಲಕರು ಹಿಂದೆ ಬಂದು ನಿಂತರು.

"ನೀ ಅಂದದ್ದ ಖರೆ ಆತು ನೋಡು. ತಾನು ಕೊಯ್ದದ್ದು ಒಂದು ಬಿಟ್ರ ಯಾವೂ ಸಾಯಲಿಲ್ಲ. ನೀ ಕೊಯ್ದದ್ದು ಸಾಯತಾವು. ಅಂದ್ರ ನಿನ್ನ ಗಿಡಾ ಆಕೀನ ಕೆಡಸಾಕತ್ತಿದ್ಲು, ನಿನ್ನ ಜಾಗಾಕ್ಕ ಕಣ್ಣು ಹಾಕಿ. ಶನಿವಾರ ಬಿಡಿಸಿದ್ನಿ. ಯಾಕಂತ ಕೇಳಿದ್ಲು. ಕೈ ಸರಿಯಿಲ್ಲಂತ ಹೇಳಿದ್ನಿ."

ನನಗೆ ಸಮಾಧಾನವಾಯಿತು. ಇದ್ದದ್ದನ್ನು ಇದ್ದಂತೆ ಬರೆಯಬೇಕಲ್ಲ, ಸಮಾಧಾನವೇ ಆಯಿತು. ಕೆಲಸಕ್ಕೆ ಕುಳಿತುಕೊಳ್ಳೋಣ ಎಂದು ಪೆಟ್ಟಿಗೆಯ ಬೀಗ ತೆಗೆದು ಮುಚ್ಚಳ ಎತ್ತಿದೆ.

ಡೀಸೆಲ್ ವಾಸನೆ ಮುಖಕ್ಕೆ ಬಡಿಯಿತು.

ಕಲ್ಲಿನ ಕಾರ್ಖಾನೆಯಲ್ಲಿ ಅಂಟು, ಗ್ರೀಸು ಏನೇ ಹಿಡಿದರೂ ನಾವು ಡೀಸೆಲ್ ಅರಿವೆಯಲ್ಲಿ ಒರೆಸುತ್ತಿದ್ದೆವು. ದಿನಕ್ಕೆ ನಾಲ್ಕು ಗಿಡ ಮಾಡುವಾಗ ಸ್ಪಿರಿಟ್ ಸಾಕಾಗುತ್ತಿತ್ತು. ಮುನ್ನೂರರ ಕೆಲಸ ಬಂದಾಗ ಅಲಗಿಗೆ ಹಾಲು ಗಟ್ಟಿಯಾಗಿ ಹಿಡಿಯಿತು, ಸ್ಪಿರಿಟ್ಟಿಗೆ ಹೋಗಲಿಲ್ಲ. ಡೀಸೆಲ್ಲಿಗೆ ಒಂದೇ ಒರೆತಕ್ಕೆ ಹೋಗುತ್ತಿತ್ತು. ಆಮೇಲೆ ಒಣ ಬಟ್ಟೆಯಲ್ಲಿ ಉಜ್ಜುತ್ತಿದ್ದೆ, ಅಲಗು ಮಿಂಚುತ್ತಿತ್ತು. ಮಿಂಚಿದ್ದು ಸ್ವಚ್ಛ ಎಂದು ತಿಳಿದಿದ್ದೆ. ಲಾರಿ ಓಡುವ ರಸ್ತೆಯ ಬದಿಯಲ್ಲಿ ಡೀಸೆಲ್ ವಾಸನೆ ಯಾರಿಗೂ ಹೊಸದಲ್ಲ. ಡೀಸೆಲ್ ಬಂದದ್ದೂ ಆಕೆ ಬಂದದ್ದೂ ಒಂದೇ ವಾರ. ಬದಲಾದದ್ದು ಏನು ಎಂದು ಹುಡುಕುವಾಗ ನಾನು ಆಕೆಯನ್ನು ಮಾತ್ರ ಎಣಿಸಿದ್ದೆ.

ಹದಿನೆಂಟು ದಿನ ಮುಚ್ಚಿದ ಪೆಟ್ಟಿಗೆಯಲ್ಲಿದ್ದ ಚಾಕುವನ್ನು ಬಿಲ್ಲು ಪುಸ್ತಕದ ಬಿಳಿ ಹಾಳೆಗೆ ಒರೆಸಿದೆ. ಹಾಳೆಯಲ್ಲಿ ಎಣ್ಣೆಯ ಕಲೆ ಮೂಡಿತು. ಎಲೆಗಳ್ಳಿಯ ಒಂದು ತುಂಡು ತಂದು ಒಂದು ಕಸಿಗೆ ಬೇಕಾದಷ್ಟು ಸಲ ಕೊಯ್ದು, ಕೊಯ್ದ ಮುಖವನ್ನು ಬಿಸಿಲಿಗೆ ಹಿಡಿದೆ. ಹಾಲಿನ ಮೇಲೆ ರಸ್ತೆಯ ಮಳೆನೀರಿನಲ್ಲಿ ಕಾಣುವಂಥ ಬಣ್ಣ. ಇನ್ನೊಂದು ಕಸಿಯಷ್ಟು ಕೊಯ್ದೆ, ಸ್ವಲ್ಪ ಇತ್ತು. ಮೂರನೆಯ ಸಲ ಇರಲಿಲ್ಲ.

ಒರೆಸಿದ ಮೇಲೆ ಮೊದಲಿನ ಎರಡು. ಸಾಲಿಗೊಮ್ಮೆ ಒರೆಸುತ್ತಿದ್ದವನು ನಾನು. ಎಣಿಸಿ ಕೊಲ್ಲುತ್ತಿದ್ದವನೂ ನಾನೇ.

ಹೊರಗೆ ತಿಪ್ಪೆಯ ಬದಿಗೆ ಒಣ ಎಲೆ ಸುಡುತ್ತಿತ್ತು. ಅರಿವೆಯನ್ನು ಹಿಡಿದುಕೊಂಡು ಅಲ್ಲಿಗೆ ಹೋದೆ. ಅದರೊಳಗೆ ಹಾಕಿದರೆ ಮುಗಿಯಿತು, ಪೆಟ್ಟಿಗೆಯಲ್ಲಿ ಏನಿತ್ತು ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ನಾಳೆಯಿಂದ ಸ್ಪಿರಿಟ್ಟಿನಲ್ಲಿ ಒರೆಸಿದರೆ ಗಿಡ ಬದುಕುತ್ತವೆ. ಆಕೆ ಹೋದಳು, ಗಿಡ ಬದುಕಿದವು ಎನ್ನುತ್ತಾರೆ. ಆ ಮಾತು ಇಳಕಲ್ಲಿಗೂ ಹೋಗುತ್ತದೆ. ಹಾಕಲು ಬಗ್ಗಿದೆ. ಹೊಗೆ ಬಲಗಣ್ಣಿಗೆ ಬಂತು, ಇನ್ನೂ ಗುಣವಾಗದ ಕಣ್ಣು ಚುರ್ ಅಂದಿತು. ಅದನ್ನು ಬಿಡಿಸಿ ಹಿಡಿದ ಎರಡು ಬೆರಳು ನೆನಪಾಯಿತು. ತಿರುಗಿ ಮಾಲಕರ ಮೇಜಿಗೆ ಹೋಗಿ ಅರಿವೆಯನ್ನು ಅವರ ಮುಂದಿಟ್ಟೆ.

"ಇದು ಕೊಂದೈತ್ರಿ. ಆಕೀ ಕೈ ಅಲ್ಲ."

ಅವರು ಮೂಸಿ ನೋಡಿದರು. ನಾನು ಎಲ್ಲ ಹೇಳಿದೆ. ಕೇಳಿದ ಮೇಲೆ ಅವರು ನನ್ನನ್ನೇ ಓರೆಯಾಗಿ ನೋಡಿದರು.

"ಕಣ್ಣು ಉಳಿಸಿದ್ಲಂತ ಹಿಂಗ ಹೇಳಾಕತ್ತಿ ಹೌದಿಲ್ಲ? ಆಕಿ ಫೋನ್ ಮಾಡಿದ್ಲೇನು?"

ಅನುಮಾನ ಎದುರಿನಿಂದ ಬಂದರೆ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

"ಇಪ್ಪತ್ತು ಗಿಡಾ ಕೊಡ್ರಿ," ಅಂದೆ. "ಹತ್ತು ಡೀಸೆಲ್ ಒರಸಿ ಕೊಯ್ತೇನಿ, ಒಂದೊಂದಕ್ಕೂ ಒರಸಿ. ಹತ್ತು ಸ್ಪಿರಿಟ್ಟಿಂದು. ಇಪ್ಪತ್ತೂ ಆಕೀನ ಕಟ್ಟಬೇಕು. ನಿಮ್ಮ ಕಣ್ಣ ಮುಂದ."

"ಕರಕೊಂಡು ಬಾ ಹಂಗಾದ್ರ. ನಾ ಕರಿಯೂದಿಲ್ಲ."

ಇಳಕಲ್ಲಿನಲ್ಲಿ ಆಕೆಯ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. ನಿಂತೇ ಎಲ್ಲ ಹೇಳಿದೆ. ಆಕೆ ನನ್ನ ಕಣ್ಣನ್ನು ಮೊದಲು ನೋಡಿದಳು, ಕೆಂಪು ಇದೆಯೋ ಇಲ್ಲವೋ ಎಂದು.

"ಚೊಳಚಗುಡ್ಡದಾಗ ನನ್ನ ನೋಡಿದ್ದಿ ಅಲ್ಲ? ಬಾಳಿಹಣ್ಣಿನ ಗಾಡಿ ಹಿಂದ."

ಹೌದು ಅಂದೆ.

"ನಮ್ಮ ಗಿಡಾ ಯಾಕ ಕೊಳಿತಾವಂತ ಕೇಳಾಕ ಹೋಗಿದ್ನಿ. ಚಾಕು ನೋಡ್ರಿ ಅಂದ್ರು. ಬಂದು ನಿನ್ನ ಕೇಳಿದ್ನಿ. ನೀ ಪೆಟಗಿ ಮ್ಯಾಲ ಕುಂತಿ."

"ತಪ್ಪಾತಕ್ಕಾ."

"ನಿನ್ನ ತಪ್ಪು ಯಾರಿಗೆ ಬೇಕಾಗೈತಿ? ಕೈ ಸರಿಯಿಲ್ಲ ಅಂದವ್ರ ಬಾಯಾಗ ಕೈ ಸರಿ ಐತಿ ಅಂತ ಬರಬೇಕು. ಬರ್ತೇನಿ ನಡಿ."

ಮಾಲಕರು ಕುರ್ಚಿ ಹಾಕಿಕೊಂಡು ಕುಳಿತರು. ನಾನು ಡೀಸೆಲ್ ಒರೆಸಿ ಒರೆಸಿ ಕೊಯ್ದೆ, ಆಕೆ ಕಟ್ಟಿದಳು. ಎಂಟು ಸುತ್ತು, ಒಂದು ಗಂಟು. ಸಾಯಲಿರುವ ಗಿಡ ಎಂದು ಗೊತ್ತಿದ್ದೂ ಒಂದು ಸುತ್ತು ಕಡಿಮೆ ಮಾಡಲಿಲ್ಲ. ಗಂಟಿನ ತುದಿಯನ್ನು ಎಂದಿನಂತೆ ಒಳಗೆ ಮಡಚಿದಳು.

"ಸಾಯೂದಕ್ಕ ಇಷ್ಟ ಚಂದ ಯಾಕ ಕಟ್ಟತಿ?" ಅಂದೆ.

"ಸಡಿಲಿತ್ತು ಅಂತ ನೀ ಮತ್ತ ಅನಬಾರದಲ್ಲ."

ಎಂಟನೆಯ ದಿನಕ್ಕೆ ಡೀಸೆಲ್ಲಿನ ಹತ್ತರಲ್ಲಿ ಒಂಬತ್ತು ಕಪ್ಪಾದವು. ಸ್ಪಿರಿಟ್ಟಿನ ಹತ್ತೂ ಹಸಿರು. ಮಾಲಕರು ಬಗ್ಗಿ ಒಂದೊಂದನ್ನೂ ನೋಡಿ ಎದ್ದು ನಿಂತರು. "ನಿನ್ನ ಕೈಗೆ ಹೆಸರಿಟ್ಟದ್ದು ನಂದ ತಪ್ಪವ್ವಾ. ಇಳಕಲ್ಲಿಗೆ ನಾನ ಬಂದು ಹೇಳ್ತೇನಿ," ಅಂದರು. ಮರುದಿನ ಹೋದರು. ನಾಲ್ಕೂ ಮಗ್ಗದವರ ಮನೆಗೆ ಆಕೆ ಅವರನ್ನು ಕರೆದೊಯ್ದಳಂತೆ, ಒಂದನ್ನೂ ಬಿಡದೆ.

ಹೋಟೆಲಿಗೆ ಕುಂಡಗಳು ಹೇಳಿದ್ದಕ್ಕಿಂತ ತಡವಾಗಿ ಹೋದವು. ಬೈಸಿಕೊಂಡೆವು. ಈಗ ಚಾಕು ಒರೆಸಲು ನೀರು, ಸಾಬೂನು, ಕೊನೆಗೆ ಸ್ಪಿರಿಟ್. ಅಂಟು ಹೋಗದಿದ್ದರೆ ಅಲಗು ಬದಲಿಸುತ್ತೇವೆ. ಕನ್ನಡಕ ಗೂಟದ ಮೇಲಿಲ್ಲ, ಮೂಗಿನ ಮೇಲಿದೆ. ಮಬ್ಬಾಗುತ್ತದೆ, ಒರೆಸಿಕೊಳ್ಳುತ್ತೇನೆ.

ಮುಂಜಾನೆ ಕೆಲಸ ಶುರುವಾಗುವ ಮೊದಲು ಆಕೆ ಕೈ ಚಾಚುತ್ತಾಳೆ. ನಾನು ಚಾಕು ಕೊಡುತ್ತೇನೆ. ಬಿಳಿ ಹಾಳೆಗೆ ಒರೆಸಿ ನೋಡುತ್ತಾಳೆ. ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾಳೆ. ಆಮೇಲೆ ಅಲಗನ್ನು ಮೂಸುತ್ತಾಳೆ. ದಿನಾ ಇದೇ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಇನ್ನೂ ನಂಬಿಕಿಲ್ಲೇನಕ್ಕಾ?"

"ಇಲ್ಲ," ಅಂದಳು. ಚಾಕು ತಿರುಗಿ ಕೊಟ್ಟಳು. "ಕೊಯ್ಯಿ."